ಲಹುಗಲ: ಹದಿನೈದೂವರೆ ಚದರ ಕಿಲೋಮೀಟರಿನ ಪಾರ್ಕಿನಲ್ಲಿ ಆನೆ ಸಿಗುತ್ತದಾ?

ಸಂಜೆಬಿಸಿಲು
ಎಲ್ಲರಿಗೂ ನಮಸ್ಕಾರ. ಆಗಸ್ಟ್ ಎರಡನೇ ವಾರ ಶ್ರೀಲಂಕಾಕ್ಕೆ ಹೊರಟಿದ್ದೇವೆ. ನಾನು, ನಮ್ಮ ಯಜಮಾನರು, ಒಂಬತ್ತು ವರ್ಷದ ಮಗ, ಜೊತೆಗೆ ನಮ್ಮ ಅತ್ತೆ. ಪೂರ್ವ ಕರಾವಳಿಯ ಅರುಗಂ ಬೇಯಲ್ಲಿ ನಾಲ್ಕು ದಿನ ಉಳಿಯುತ್ತೇವೆ. ಯಜಮಾನರಿಗೆ ಸಮುದ್ರ ಸಾಕು. ಮಗನಿಗೆ ಆನೆ ಬೇಕು, ಅದೂ ಸರಪಳಿ ಇಲ್ಲದ ಕಾಡಾನೆ. ಅತ್ತೆಗೆ ಹಕ್ಕಿ ಅಂದರೆ ಪ್ರಾಣ.

ಅಲ್ಲಿಂದ ಹತ್ತಿರದಲ್ಲೇ ಲಹುಗಲ ಕಿತುಲಾನ ಅಂತ ಒಂದು ನ್ಯಾಷನಲ್ ಪಾರ್ಕ್ ಇದೆ. ಒಟ್ಟು 1,554 ಹೆಕ್ಟೇರ್ ಅಂತೆ. ಅಂದರೆ ಹದಿನೈದೂವರೆ ಚದರ ಕಿಲೋಮೀಟರ್, ಅಷ್ಟೇ. ಇಷ್ಟು ಸಣ್ಣ ಜಾಗದಲ್ಲಿ ಆನೆ ನಿಜವಾಗಿ ಇರುತ್ತವಾ? ಅಥವಾ ಒಂದು ದಿನ ಹೋದರೆ ಹೋಗಲಿ ಅಂತ ದಕ್ಷಿಣದ ದೊಡ್ಡ ನ್ಯಾಷನಲ್ ಪಾರ್ಕ್ ಯಾಲಾಗೇ ಹೋಗಿಬಿಡೋದಾ? ಅತ್ತೆಗೆ ಮಂಡಿನೋವು. ಇಡೀ ದಿನ ಜೀಪಿನಲ್ಲಿ ಕುಲುಕಿಸಿಕೊಂಡು ಕೂರೋದು ಅವರ ಕೈಲಿ ಆಗಲ್ಲ.

ಸಲಗ79
ಯಾಲಾಗೆ ಹೋಗಿ. ಚಿರತೆನೂ ಸಿಗುತ್ತೆ.

ಕೆರೆಏರಿ
ಸಲಗ ಅವರೇ, ಪ್ರಶ್ನೆ ಓದಿದ್ರಾ? ಮಂಡಿನೋವು ಅಂದಿದ್ದಾರೆ. ಅರುಗಂ ಬೇಯಿಂದ ಯಾಲಾದ ಮುಖ್ಯ ಗೇಟಿಗೆ ಕಾಡೊಳಗೆ ನೇರ ದಾರಿ ಇಲ್ಲ. ಮೊನರಾಗಲ, ಬುತ್ತಲ ಅಂತ ಸುತ್ತಿ ಬಳಸಿ ಹೋಗಬೇಕು. ಅಲ್ಲಿ ಹೋದಮೇಲೆ ಒಂದು ಚಿರತೆಯ ಬಾಲಕ್ಕೆ ಇಪ್ಪತ್ತು ಜೀಪು ಮುತ್ತಿಕೊಂಡಿರುತ್ತವೆ.

ಸಂಜೆಬಿಸಿಲು ಮೇಡಂ, ನಾನು ಲಹುಗಲಕ್ಕೆ ಎರಡು ಸಲ ಹೋಗಿದ್ದೇನೆ. ಪಾರ್ಕ್ ಚಿಕ್ಕದು ಅನ್ನೋದು ನಿಜ. ಆದರೆ ಆನೆಗೆ ಬೇಕಾಗಿರೋದು ಪಾರ್ಕ್ ಅಲ್ಲ, ಅಲ್ಲಿನ ಕೆರೆ. ಲಹುಗಲ, ಕಿತುಲಾನ, ಸೆಂಗಮುವ ಅಂತ ಮೂರು ಕೆರೆ ಇವೆ. ಮೂರರ ನೀರೂ ಕೊನೆಗೆ ಹೆಡ ಓಯ ಅನ್ನೋ ಹೊಳೆಗೆ ಸೇರುತ್ತದೆ. ಆಳ ಇಲ್ಲದ ಕೆರೆಗಳು. ಅದರಲ್ಲಿ 'ಬೇರು' ಅಂತ ಒಂದು ಎತ್ತರದ ಹುಲ್ಲು ಬೆಳೆಯುತ್ತದೆ (ನಮ್ಮ ಮರದ ಬೇರು ಅಲ್ಲ, ಸಿಂಹಳದಲ್ಲಿ ಆ ಹುಲ್ಲಿನ ಹೆಸರೇ ಹಾಗೆ). ಅದು ಆನೆಗಳಿಗೆ ಹಬ್ಬದೂಟ. ಬೇಸಿಗೆಯಲ್ಲಿ ಸುತ್ತಲಿನ ಕಾಡು ಒಣಗಿದಾಗ ಇಲ್ಲಿ ಮಾತ್ರ ಹಸಿರು ಇರುತ್ತದೆ. ಹಿಂಡು ಹಿಂಡಾಗಿ ಬರುತ್ತವೆ. ಆಗಸ್ಟ್ ಅಂದರೆ ಸರಿಯಾದ ಸಮಯಕ್ಕೇ ಹೋಗುತ್ತಿದ್ದೀರಿ.

ತಲೆಹರಟೆ
ಆಗಸ್ಟ್ ಬೇಸಿಗೆನಾ? ಆಗಸ್ಟಲ್ಲಿ ಮಳೆ ಅಲ್ವಾ ಗುರು?

ಕೆರೆಏರಿ
ಶ್ರೀಲಂಕಾದ ಪೂರ್ವಭಾಗಕ್ಕೆ ಈಶಾನ್ಯ ಮಾರುತ ಬಂದರೇನೇ ಮಳೆ. ನವೆಂಬರಿನಿಂದ ಜನವರಿವರೆಗೆ ಜಾಸ್ತಿ. ಮೇಯಿಂದ ಸೆಪ್ಟೆಂಬರ್ ಒಣಗಾಲ. ಮಳೆ ಹಿಡಿದ ಮೇಲೆ ಎಲ್ಲ ಕಡೆ ಮೇವು, ನೀರು ಸಿಗುತ್ತದೆ, ಆನೆ ಚದುರಿ ಹೋಗುತ್ತವೆ.

ಸಂಜೆಬಿಸಿಲು
ಓಹ್, ಹಾಗಾದರೆ ಸಣ್ಣ ಪಾರ್ಕಿನೊಳಗೆ ಅವು ಸಿಕ್ಕಿಹಾಕಿಕೊಂಡಿಲ್ಲ, ಬಂದು ಹೋಗುತ್ತವೆ ಅಂತಾಯ್ತು. ನಾನು ಮೃಗಾಲಯದ ಥರ ಅಂದುಕೊಂಡಿದ್ದೆ.

ನಡುದಾರಿ
ಸರಿಯಾಗಿ ಹೇಳಿದ್ರಿ. ಉತ್ತರದ ಗಲ್ ಓಯ ಕಾಡಿಗೂ ದಕ್ಷಿಣದ ಯಾಲಾ ಕಡೆಗೂ ನಡುವೆ ಆನೆಗಳು ಓಡಾಡೋ ದಾರಿಯಲ್ಲಿ ಲಹುಗಲ ಬರುತ್ತದೆ. ದೂರದ ಬಸ್ ಪ್ರಯಾಣದಲ್ಲಿ ಊಟಕ್ಕೆ ನಿಲ್ಲಿಸೋ ಹೋಟೆಲ್ ಇದ್ದಂಗೆ. 1966ರಲ್ಲಿ ಅಭಯಾರಣ್ಯ ಮಾಡಿದರು, 1980ರಲ್ಲಿ ನ್ಯಾಷನಲ್ ಪಾರ್ಕ್ ಆಯಿತು. ದ್ವೀಪದ ಅತಿ ಚಿಕ್ಕ ಪಾರ್ಕುಗಳಲ್ಲಿ ಒಂದು ಅಂತ ಎಲ್ಲರೂ ಬರೆಯುತ್ತಾರೆ. ಹೋಟೆಲ್ ಚಿಕ್ಕದಾದರೆ ಏನಂತೆ, ಬಸ್ಸು ನಿಲ್ಲುತ್ತದಲ್ಲ.

ಸಲಗ79
ಸರಿ ಯಾಲಾ ಬೇಡ. ಆದ್ರೆ ಆನೆಗೇ ಅಂತ ಹೋಗೋದಾದ್ರೆ ಮಿನ್ನೇರಿಯ ಪಾರ್ಕ್ ಬಿಟ್ಟು ಇನ್ಯಾವುದೂ ಅಲ್ಲ. ಆಗಸ್ಟ್, ಸೆಪ್ಟೆಂಬರಲ್ಲಿ ಕೆರೆ ಇಳಿದಾಗ ಒಂದೇ ಬಯಲಲ್ಲಿ ಇನ್ನೂರು, ಮುನ್ನೂರು ಆನೆ. 'ಗ್ಯಾದರಿಂಗ್' ಅಂತಾನೇ ಹೆಸರು. ನೂರು ಫೋಟೋ ನೋಡಿದೀನಿ.

ನಡುದಾರಿ
ಯಾವ ವರ್ಷದ ಫೋಟೋ ಸಾರ್?

ಸಲಗ79
ಅದೆಲ್ಲ ಯಾರು ನೋಡ್ತಾರೆ.

ನಡುದಾರಿ
ಅದೇ ನೋಡಬೇಕಾದದ್ದು. ಮಿನ್ನೇರಿಯ ಕೆರೆ ಮೂರನೇ ಶತಮಾನದ ರಾಜ ಮಹಾಸೇನ ಕಟ್ಟಿಸಿದ್ದು. ಬೇಸಿಗೆಯಲ್ಲಿ ನೀರು ಇಳಿಯುತ್ತಿತ್ತು, ಬಯಲಾದ ಕೆರೆಯಂಗಳದಲ್ಲಿ ಎಳೆ ಹುಲ್ಲು ಚಿಗುರುತ್ತಿತ್ತು, ಆನೆ ಸೇರುತ್ತಿದ್ದವು. 2018ರಲ್ಲಿ ಮೊರಗಹಕಂದ ಜಲಾಶಯ ಶುರುವಾದ ಮೇಲೆ ಬೇಸಿಗೆಯಲ್ಲೂ ಅಲ್ಲಿಂದ ಮಿನ್ನೇರಿಯಕ್ಕೆ ನೀರು ಬಿಡುತ್ತಾರೆ. ನೀರು ಇಳಿಯದಿದ್ದರೆ ಹುಲ್ಲು ಮುಳುಗೇ ಇರುತ್ತದೆ. ಹುಲ್ಲು ಇಲ್ಲದ ಮೇಲೆ ಆನೆ ಯಾಕೆ ಬರುತ್ತವೆ? ನಾನು ಹೋದ ವರ್ಷ ಕೆರೆ ತುಂಬಿ ತುಳುಕುತ್ತಿತ್ತು. ನೋಡೋಕೆ ಚೆಂದ. ಆನೆ ನಾಲ್ಕೇ ನಾಲ್ಕು. ಜೀಪು ಎಣಿಸಿದೆ, ಮೂವತ್ತೆಂಟು.

ಸಲಗ79
ರೈತರಿಗೆ ನೀರು ಬೇಡ್ವಾ ಹಾಗಾದ್ರೆ? ಭತ್ತ ಬೆಳೆಯೋರು ನಿಮ್ಮ ಫೋಟೋಗೋಸ್ಕರ ಗದ್ದೆ ಒಣಗಿಸ್ಬೇಕಾ?

ನಡುದಾರಿ
ಹಾಗೆ ಯಾರು ಅಂದರು? ನೀರು ಬಿಡಬೇಡಿ ಅಂತ ಅಲ್ಲ, ಯಾವಾಗ ಎಷ್ಟು ಬಿಡಬೇಕು ಅನ್ನೋದೇ ಜಗಳ. ಆ ಎರಡು ತಿಂಗಳು ಹುಲ್ಲಿನ ಬಯಲು ಮುಳುಗದ ಹಾಗೆ ನೋಡಿಕೊಂಡರೆ ಸಾಕು ಅಂತ ಅಲ್ಲಿನ ಆನೆ ತಿಳಿದವರು ಹೇಳುತ್ತಾ ಬಂದಿದ್ದಾರೆ. ಮೇವು ಸಿಗದ ಆನೆ ಎಲ್ಲಿಗೆ ಹೋಗುತ್ತದೆ? ಅದೇ ರೈತರ ಗದ್ದೆಗೆ. 2019ರಲ್ಲಿ ಶ್ರೀಲಂಕಾದಲ್ಲಿ 405 ಆನೆ ಸತ್ತವು, ಆನೆಗಳಿಂದ 121 ಜನ ಸತ್ತರು.

ಗೋವಕ್ಕಿ
ಇಬ್ಬರೂ ಸ್ವಲ್ಪ ಸುಮ್ಮನಿರಿ. ಪಾಪ ಆಯಮ್ಮ ಮಂಡಿನೋವಿನ ಅತ್ತೆಯನ್ನು ಎಲ್ಲಿಗೆ ಕರೆದುಕೊಂಡು ಹೋಗಲಿ ಅಂತ ಕೇಳಿದರೆ ನೀವು ನೀರಾವರಿ ಇಲಾಖೆ ನಡೆಸುತ್ತಿದ್ದೀರಿ.

ಬಸ್ಸಿನಕಿಟಕಿ
😂

ಬಸ್ಸಿನಕಿಟಕಿ
ನಾನು ಲಹುಗಲ ನೋಡಿದ್ದು ಬಸ್ಸಿನಿಂದ. ಸುಳ್ಳಲ್ಲ. ಮೊನರಾಗಲದಿಂದ ಅರುಗಂ ಬೇ ಪಕ್ಕದ ಊರು ಪೊತ್ತುವಿಲ್‌ಗೆ ಹೋಗೋ ಮುಖ್ಯ ರಸ್ತೆ ಪಾರ್ಕಿಗೆ ತಾಗಿಕೊಂಡೇ ಹೋಗುತ್ತದೆ. ಸಂಜೆ ಐದರ ಹೊತ್ತು. ಡ್ರೈವರ್ ವೇಗ ಇಳಿಸಿದ. ಎಡಗಡೆ ಕೆರೆ, ಕೆರೆಯ ತುಂಬ ಹುಲ್ಲು, ಹುಲ್ಲಿನ ಮೇಲೆ ಬರೀ ಬೆನ್ನುಗಳು. ಬಂಡೆ ಅಂದುಕೊಂಡೆ. ಒಂದು ಬಂಡೆ ಕಿವಿ ಬೀಸಿತು. ಬಸ್ಸಿನಲ್ಲಿ ನನ್ನೊಬ್ಬನನ್ನು ಬಿಟ್ಟರೆ ಯಾರೂ ತಲೆ ಎತ್ತಲಿಲ್ಲ. ಪಕ್ಕದ ಅಜ್ಜ ನಿದ್ದೆ ಮಾಡುತ್ತಲೇ ಇದ್ದರು.

ಸಂಜೆಬಿಸಿಲು
ಅಯ್ಯೋ ಎಷ್ಟು ಚೆನ್ನಾಗಿದೆ! ಹಾಗಾದರೆ ಟ್ಯಾಕ್ಸಿ ನಿಲ್ಲಿಸಿ ಕೆಳಗಿಳಿದು ನೋಡಬಹುದಾ?

ಕೆರೆಏರಿ
ಬೇಡ ಬೇಡ. ರಸ್ತೆಯಲ್ಲಿ ಆನೆ ಕಂಡರೆ ಇಳಿಯಲೇಬಾರದು. ಹಾರ್ನ್ ಬೇಡ, ಫ್ಲಾಶ್ ಬೇಡ, ಆನೆಗೂ ಅದು ಹೋಗುತ್ತಿರೋ ದಿಕ್ಕಿಗೂ ನಡುವೆ ಗಾಡಿ ನಿಲ್ಲಿಸಲೇಬೇಡಿ. ಕತ್ತಲಾದ ಮೇಲೆ ಆ ರಸ್ತೆಯಲ್ಲಿ ಓಡಾಟವೇ ಬೇಡ. ಆರಕ್ಕೆ ಮುಂಚೆ ಪೊತ್ತುವಿಲ್ ಕಡೆ ಹೊರಟುಬಿಡಿ. ಹದಿನೈದು ಕಿಲೋಮೀಟರ್ ಆಸುಪಾಸು, ದೂರ ಏನಿಲ್ಲ.

ಕೆರೆಯ ಏರಿಯ ಮೇಲಿಂದ ನೋಡೋದು ಒಳ್ಳೇದು, ಆದರೆ ಮೊದಲು ಅಲ್ಲಿನ ವನ್ಯಜೀವಿ ಇಲಾಖೆಯ ಕಚೇರಿಯಲ್ಲಿ ಕೇಳಿ, ಅವರು ನಿಲ್ಲಿ ಅಂದ ಕಡೆ ನಿಲ್ಲಿ. ಊರಿನ ಒಬ್ಬರನ್ನು ಜೊತೆಗೆ ಕರೆದುಕೊಂಡರೆ ಇನ್ನೂ ಒಳ್ಳೇದು. ನನ್ನ ಜೊತೆ ಬಂದವರು ಮೊದಲು ಮಾಡಿದ ಕೆಲಸ ಏನು ಗೊತ್ತಾ? ಒಂದು ಹಿಡಿ ಧೂಳು ತೆಗೆದು ಗಾಳಿಗೆ ಬಿಟ್ಟರು. ಗಾಳಿ ನಮ್ಮಿಂದ ಆನೆ ಕಡೆ ಹೋಗುತ್ತಿತ್ತು. ಆಮೇಲೆ ಸುತ್ತುಹಾಕಿಸಿ ಇನ್ನೊಂದು ಬದಿಯಿಂದ ಕರೆದುಕೊಂಡು ಹೋದರು. ಆನೆಗೆ ಕಣ್ಣು ಮಂದ, ಮೂಗು ಅಲ್ಲ.

ತಲೆಹರಟೆ
ನಾವು ಹೋದಾಗ ಆನೆಗೆ ಬಾಳೆಹಣ್ಣು ಕೊಟ್ವಿ. ಏನೂ ಮಾಡ್ಲಿಲ್ಲ. ಸುಮ್ನೆ ಹೆದರಿಸ್ತೀರ.

ಗೋವಕ್ಕಿ
ಎಲ್ಲಿ ಕೊಟ್ಟಿದ್ದು?

ತಲೆಹರಟೆ
ಕತರಗಾಮಕ್ಕೆ ಹೋಗೋ ದಾರಿ. ಬುತ್ತಲ ಕಡೆಯಿಂದ. ಅದೇ ಬಂದು ಕಾರಿಗೆ ಅಡ್ಡ ನಿಲ್ತು. ಕಿಟಕಿಯೊಳಗೆ ಸೊಂಡಿಲು ಹಾಕ್ತು. ಕೊಟ್ವಿ, ಹೋಯ್ತು.

ಗೋವಕ್ಕಿ
ತಲೆಹರಟೆ ಅಣ್ಣ, ಬೇಜಾರಾಗಬೇಡಿ. ಅದು ಸುಂಕದ ಕಟ್ಟೆ ಇಟ್ಟುಕೊಂಡಿದ್ದು ನಿಮ್ಮಂಥವರು ಕೊಟ್ಟೂ ಕೊಟ್ಟೂ. ಯಾತ್ರೆಗೆ ಹೋಗೋರು ಭಕ್ತಿಯಿಂದ ಹಣ್ಣು ಕೊಟ್ಟು ರೂಢಿ ಮಾಡಿಸಿದರು. ಈಗ ಕೊಡದೆ ಇದ್ದರೆ ಕಾರಿನ ಬಾಗಿಲಿಗೆ ಕೈ ಹಾಕುತ್ತದೆ. ನಿಮ್ಮ ಹಿಂದೆ ಬಂದ ಗಾಡಿಯಲ್ಲಿ ಹಣ್ಣು ಇಲ್ಲದಿದ್ದರೆ? ಉಡವಲವೆ ಪಾರ್ಕಿನಲ್ಲೂ ಇದೇ ಕಥೆ. ಜಲಾಶಯದ ರಸ್ತೆಯ ಕರೆಂಟ್ ಬೇಲಿಗೆ ಒತ್ತಿಕೊಂಡು ಗಂಡಾನೆಗಳು ಸಾಲಾಗಿ ನಿಂತು ಭಿಕ್ಷೆ ಬೇಡುತ್ತವೆ. ಕಾಡಿನ ಪ್ರಾಣಿ ಹಾಗೆ ನಿಲ್ಲೋದು ನೋಡಿದರೆ ಹೊಟ್ಟೆ ಉರಿಯುತ್ತದೆ.

ತಲೆಹರಟೆ
ಸರಿ ಅಕ್ಕ, ಇನ್ನು ಕೊಡಲ್ಲ. ಆದ್ರೆ ಅದು ಹೆಣ್ಣಾನೆ, ದಂತ ಇರ್ಲಿಲ್ಲ, ಸಾಧು ಇತ್ತು.

ಹಳೇಬೈನಾಕ್ಯುಲರ್
ಇದಕ್ಕೆ ಬಾಯಿ ಬಿಡಲೇಬೇಕಾಯಿತು. ಶ್ರೀಲಂಕಾದಲ್ಲಿ ದಂತ ಇಲ್ಲ ಅಂದರೆ ಹೆಣ್ಣು ಅಂತ ಅಲ್ಲ! ಅಲ್ಲಿನ ಗಂಡಾನೆಗಳಲ್ಲಿ ದಂತ ಇರೋದು ನೂರಕ್ಕೆ ಹತ್ತು ಕೂಡ ಇಲ್ಲ. ಉಳಿದ ಎಲ್ಲ ಗಂಡುಗಳೂ ನಾವು ಮಖ್ನಾ ಅನ್ನುತ್ತೇವಲ್ಲ, ಹಾಗೆ. ಸಿಂಹಳದಲ್ಲಿ ದಂತ ಇದ್ದದ್ದಕ್ಕೆ ಬೇರೆ ಹೆಸರು, ಇಲ್ಲದ್ದಕ್ಕೆ ಬೇರೆ ಹೆಸರು. ಇಲ್ಲದ್ದು 'ಅಲಿಯಾ'. ಕಾರು ನಿಲ್ಲಿಸಿ ತಿನ್ನೋದೂ, ಬೇಲಿ ಹತ್ತಿರ ನಿಲ್ಲೋದೂ ಹೆಚ್ಚಾಗಿ ಒಂಟಿ ಗಂಡುಗಳೇ. ನೀವು ಬಾಳೆಹಣ್ಣು ಕೊಟ್ಟಿದ್ದು ಬಹುಶಃ ಒಬ್ಬ ಗಡವನಿಗೆ.

ಗುರುತು ಹಿಡಿಯೋದು ಹೇಗೆ ಅಂದರೆ, ಗಂಡಿನ ಸೊಂಡಿಲ ಬುಡ ದಪ್ಪ, ಹಣೆ ಉಬ್ಬಿರುತ್ತದೆ, ಹೊಟ್ಟೆಯ ಕೆಳಗಿನ ಗೆರೆ ಹಿಂಗಾಲ ಕಡೆಗೆ ಇಳಿಜಾರು. ಮರಿ ಇರೋ ತಾಯಿಗೆ ಮುಂಗಾಲುಗಳ ನಡುವೆ ಕೆಚ್ಚಲು ಕಾಣುತ್ತದೆ, ಹಸುವಿನ ಹಾಗೆ ಹಿಂದೆ ಅಲ್ಲ. ಕಣ್ಣಿಗೂ ಕಿವಿಗೂ ನಡುವೆ ಎಣ್ಣೆ ಇಳಿದ ಹಾಗೆ ಕಪ್ಪು ಕಲೆ ಕಂಡರೆ ಮದ ಬಂದಿದೆ ಅಂತ. ಆಗ ಫೋಟೋ ಆಸೆ ಬಿಟ್ಟು ಹೊರಡಿ.

ತಲೆಹರಟೆ
ಅಯ್ಯಪ್ಪಾ. ಕೈ ಇನ್ನೂ ಇದೆ, ನೋಡ್ಕೊಂಡೆ.

ಸಂಜೆಬಿಸಿಲು
ನನ್ನ ಮಗ ಪಕ್ಕದಲ್ಲೇ ಕೂತು ಇದೆಲ್ಲ ಓದಿಸಿಕೊಳ್ಳುತ್ತಿದ್ದಾನೆ. ಅವನ ಪ್ರಶ್ನೆ: ಆನೆ ಎಷ್ಟು ಎತ್ತರ ಅಂತ ಹತ್ತಿರ ಹೋಗದೆ ಅಳೆಯೋದು ಹೇಗೆ?

ಹಳೇಬೈನಾಕ್ಯುಲರ್
ಜಾಣ ಹುಡುಗ! ಮುಂಗಾಲಿನ ಹೆಜ್ಜೆ ಗುರುತು ಸಿಕ್ಕರೆ ದಾರ ಹಿಡಿದು ಅದರ ಸುತ್ತಳತೆ ತೆಗೆದುಕೋ ಪುಟ್ಟಾ. ಎರಡರಷ್ಟು ಮಾಡು. ಹೆಚ್ಚು ಕಡಿಮೆ ಭುಜದವರೆಗಿನ ಎತ್ತರ ಅದೇ. ಆನೆ ಅಲ್ಲಿಂದ ಹೋಗಿ ಬಹಳ ಹೊತ್ತಾಗಿರಬೇಕು, ಜೊತೆಗೆ ದೊಡ್ಡವರು ಇರಬೇಕು.

ಬಸ್ಸಿನಕಿಟಕಿ
ಮಗುವಿಗೆ ಅಂದರೆ ಪಿನ್ನವಲ ಆನೆ ಅನಾಥಾಲಯಕ್ಕೂ ಕರೆದುಕೊಂಡು ಹೋಗಿ, ಮರಿಗಳಿಗೆ ಹಾಲು ಕುಡಿಸಿ ಮತ್ತೆ ಕಾಡಿಗೆ ಬಿಡುತ್ತಾರೆ.

ಹಳೇಬೈನಾಕ್ಯುಲರ್
ಎರಡನ್ನೂ ಕಲಸಿಬಿಟ್ಟಿರಿ. ಪಿನ್ನವಲ 1975ರದ್ದು, ಅಲ್ಲಿನ ಆನೆಗಳು ಅಲ್ಲೇ ಇರುತ್ತವೆ. ತಾಯಿ ಇಲ್ಲದ ಮರಿಗಳನ್ನು ಸಾಕಿ ಕಾಡಿಗೆ ಬಿಡೋದು ಉಡವಲವೆಯ ಟ್ರಾನ್ಸಿಟ್ ಹೋಮ್, 1995ರಲ್ಲಿ ಶುರುವಾದದ್ದು. ಅಲ್ಲಿ ಮುಟ್ಟೋ ಹಾಗಿಲ್ಲ. ಹಾಲು ಕುಡಿಸೋ ಹೊತ್ತಿಗೆ ದೂರದಿಂದ ನೋಡಬಹುದು, ಅಷ್ಟೇ. ಸರಪಳಿ ಇಲ್ಲದ ಆನೆ ಬೇಕು ಅಂದವನಿಗೆ ಅದೇ ಸರಿ.

ಮಿಂಚುಳ್ಳಿ
ಇಷ್ಟು ಹೊತ್ತು ಆನೆ ಆನೆ ಅಂತ ಕುಣಿದಿರಿ, ಅತ್ತೆಯವರ ಹಕ್ಕಿಯನ್ನು ಒಬ್ಬರೂ ಕೇಳಲಿಲ್ಲ.

ನನ್ನ ಪ್ರಕಾರ ಲಹುಗಲ ಹಕ್ಕಿಯ ಜಾಗ, ಆನೆ ಮೇಲೆ ಬೋನಸ್. ಕೆರೆಯಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ, ನೇರಳೆ ಜಂಬುಕೋಳಿ, ಹಾವಕ್ಕಿ, ನೀರುಕಾಗೆ ಎಲ್ಲ ಇರುತ್ತವೆ. ಬೋಳುತಲೆಯ ಒಂದು ದೊಡ್ಡ ಕೊಕ್ಕರೆ ಪಿಂಚಣಿಗೆ ಬಂದ ಮೇಷ್ಟರ ಹಾಗೆ ಕೈ ಹಿಂದೆ ಕಟ್ಟಿಕೊಂಡು ಓಡಾಡುತ್ತಿರುತ್ತದೆ, ಲೆಸ್ಸರ್ ಅಡ್ಜುಟೆಂಟ್. ಅದನ್ನು ಬಿಡಬೇಡಿ. ಸುತ್ತಲ ಕಾಡಂಚಿನಲ್ಲಿ ಆ ದೇಶದ್ದೇ ಆದ ಕಾಡುಕೋಳಿ ಸಿಗುತ್ತದೆ, ಹುಂಜದ ಕೆಂಪು ಜುಟ್ಟಿನ ನಡುವೆ ಹಳದಿ ಮಚ್ಚೆ. ಅದು ಶ್ರೀಲಂಕಾದ ರಾಷ್ಟ್ರಪಕ್ಷಿ. ಕೆಂಪು ಮುಖದ ಮಲ್ಕೋಹ ಸಿಕ್ಕಿದರೆ ನಿಮ್ಮ ಅತ್ತೆಯ ಪುಣ್ಯ, ನನಗೆ ಮೂರು ಸಲ ಹೋದರೂ ಸಿಕ್ಕಿಲ್ಲ.

ಬೆಳಿಗ್ಗೆ ಹಕ್ಕಿಗೆ ಹೋಗಿ, ಸಂಜೆ ನಾಲ್ಕರ ಮೇಲೆ ಆನೆಗೆ ಹೋಗಿ. ಒಂದು ಮಡಚೋ ಕುರ್ಚಿ ಇಟ್ಟುಕೊಳ್ಳಿ. ಇಲ್ಲಿ ಹುಡುಕಿಕೊಂಡು ಓಡಾಡೋ ಜಾಗವೇ ಇಲ್ಲ. ಕೂರಬೇಕು. ಮಂಡಿನೋವಿಗೆ ಇದಕ್ಕಿಂತ ಒಳ್ಳೆ ಪಾರ್ಕ್ ಇಲ್ಲ.

ಸಲಗ79
ಹಕ್ಕಿ ಅಂದ್ರೆ ಕುಮನ ಪಾರ್ಕ್. ಅದನ್ನಾದ್ರೂ ಒಪ್ತೀರಾ?

ಮಿಂಚುಳ್ಳಿ
ಒಪ್ಪಿದೆ! ಅರುಗಂ ಬೇಯಿಂದ ಪಾನಮ ದಾಟಿ ಒಕಂದದ ಹತ್ತಿರ ಗೇಟು. ಹಿಂದೆ ಯಾಲಾ ಈಸ್ಟ್ ಅಂತಿದ್ದರು. ಅಲ್ಲಿನ 'ವಿಲ್ಲು' ಅನ್ನೋ ಜೌಗಿನಲ್ಲಿ ಹಕ್ಕಿಗಳು ಗೂಡು ಕಟ್ಟೋದು ಮೇ, ಜೂನ್. ಆಗಸ್ಟಿಗೆ ಆ ಗದ್ದಲ ಮುಗಿದಿರುತ್ತದೆ. ಮತ್ತೆ ಅದು ಜೀಪ್ ಸವಾರಿ, ಇಳಿಯೋ ಹಾಗಿಲ್ಲ. ಅತ್ತೆಯವರನ್ನು ರೂಮಿನಲ್ಲಿ ಬಿಟ್ಟು ಹೋಗೋದಾದರೆ ಸರಿ.

ಸಂಜೆಬಿಸಿಲು
ಅತ್ತೆಯನ್ನು ಬಿಟ್ಟು ಹಕ್ಕಿ ನೋಡೋಕೆ ಹೋದರೆ ನಾನು ವಾಪಸ್ ಬರೋದೇ ಬೇಡ. 😄 ಲಹುಗಲ ಅಂತ ತೀರ್ಮಾನ ಆಯಿತು. ಬಂದಮೇಲೆ ಬರೆಯುತ್ತೇನೆ.

ಡಬ್ಬಾಲೆನ್ಸ್
ಡ್ರೋನ್ ತಗೊಂಡು ಹೋಗ್ಬಹುದಾ?

ಕೆರೆಏರಿ
ಇಲ್ಲ. ಪಾರ್ಕ್ ಮೇಲೆ ಹಾರಿಸೋ ಹಾಗಿಲ್ಲ. ಆನೆ ಬೆದರಿ ಹಿಂಡೇ ಓಡುತ್ತದೆ.

ತಲೆಹರಟೆ
ಇಷ್ಟೆಲ್ಲ ಯಾಕೆ, ಕಬಿನಿ ಹಿನ್ನೀರಿಗೆ ಹೋದ್ರೆ ಆಗಲ್ವಾ?

ಗೋವಕ್ಕಿ
ಆಗಸ್ಟಲ್ಲಿ ಕಬಿನಿ ತುಂಬಿರುತ್ತದೆ ಅಣ್ಣ. ಈಗಷ್ಟೇ ಮಿನ್ನೇರಿಯ ಪಾಠ ಆಯಿತಲ್ಲ. 🙏

ಸಂಜೆಬಿಸಿಲು
ಹೋಗಿ ಬಂದೆವು! ಉದ್ದ ಬರೆಯುತ್ತೇನೆ, ಬೈಕೋಬೇಡಿ.

ಮೊದಲ ದಿನ ಸಂಜೆ ಆನೆ ಸೊನ್ನೆ. ಮೂರೂವರೆಯಿಂದ ಐದೂಮುಕ್ಕಾಲರವರೆಗೆ ಕೂತೆವು. ಯಜಮಾನರು ಎರಡು ಸಲ ಗಡಿಯಾರ ನೋಡಿದರು, ಮೂರನೇ ಸಲ ನನ್ನ ಮುಖ ನೋಡಿದರು. ಸಲಗ79 ಅವರ ಮಾತು ಕೇಳಬೇಕಿತ್ತಾ ಅನ್ನಿಸಿತು, ನಿಜ ಹೇಳುತ್ತೇನೆ. ಅತ್ತೆಗೆ ಮಾತ್ರ ಯಾವ ಚಿಂತೆಯೂ ಇಲ್ಲ. ಕುರ್ಚಿಯಲ್ಲಿ ಕೂತು ಹಕ್ಕಿ ಎಣಿಸಿ ಬರೆದುಕೊಂಡರು, ಇಪ್ಪತ್ತಾರು ಜಾತಿ.

ಮಾರನೇ ದಿನ ಮತ್ತೆ ಹೋದೆವು. ನಾಲ್ಕೂಕಾಲಿಗೆ ಕೆರೆಯಾಚೆ ಮರಗಳ ಸಾಲಿನಿಂದ ಒಂದು ಹೆಣ್ಣಾನೆ ಹೊರಗೆ ಬಂದು ಸೊಂಡಿಲು ಎತ್ತಿ ನಿಂತಿತು. ಎರಡು ನಿಮಿಷ ಹಾಗೇ. ಆಮೇಲೆ ಅದರ ಹಿಂದೆ ಉಳಿದವು. ಹದಿನೇಳು, ಮರಿ ನಾಲ್ಕು. ನಾವಿದ್ದ ಕಡೆಯಿಂದ ಇನ್ನೂರು ಮೀಟರ್ ದೂರ ಇರಬಹುದು. ಬೈನಾಕ್ಯುಲರ್‌ನಲ್ಲಿ ನೋಡಿದ್ದು ಇದು: ಮುಂಗಾಲಿನ ಉಗುರಿನಿಂದ ಹುಲ್ಲಿನ ಬುಡಕ್ಕೆ ಒದೆಯುತ್ತದೆ. ಕಿತ್ತು ಬಂದ ಕಂತೆಯನ್ನು ಸೊಂಡಿಲಲ್ಲಿ ಸುತ್ತಿ ಹಿಡಿದು ಕಾಲಿಗೆ ಪಟಪಟ ಬಡಿಯುತ್ತದೆ. ಮಣ್ಣು ಉದುರಿದ ಮೇಲೇ ಬಾಯಿಗೆ. ಒಂದು ಮರಿ ಅದನ್ನೇ ಮಾಡೋಕೆ ಹೋಗಿ ಹುಲ್ಲನ್ನು ಬಡಿದೂ ಬಡಿದೂ ಪೂರ್ತಿ ಚೆಲ್ಲಿಬಿಟ್ಟಿತು. ಆಮೇಲೆ ಅಮ್ಮನ ಬಾಯೊಳಗೇ ಸೊಂಡಿಲು ಹಾಕಿ ಎಳೆದುಕೊಂಡಿತು. ಅತ್ತೆ ನನ್ನ ಮಗನ ಕಡೆ ನೋಡಿದರು, ಏನೂ ಹೇಳಲಿಲ್ಲ.

ಹೆಜ್ಜೆಯನ್ನೂ ಅಳೆದೆವು, ಬೆಳಿಗ್ಗೆ, ಜೊತೆಗೆ ಬಂದಿದ್ದ ಊರಿನವರು ತೋರಿಸಿದ ಜಾಗದಲ್ಲಿ. ಸುತ್ತಳತೆ 117 ಸೆಂಟಿಮೀಟರ್. ಅಂದರೆ ಏಳೂವರೆ ಅಡಿಗಿಂತ ಚೂರು ಜಾಸ್ತಿ. ದಾರ ಈಗ ಅವನ ಪೆನ್ಸಿಲ್ ಡಬ್ಬಿಯಲ್ಲಿದೆ. ಆ ಊರಿನವರು ತಮಿಳು ಮಾತಾಡೋರು. 'ಯಾನೈ' ಅಂದರೆ ನಮಗೆ ಅರ್ಥ, 'ಆನೆ' ಅಂದರೆ ಅವರಿಗೆ ಅರ್ಥ. ಉಳಿದದ್ದೆಲ್ಲ ಕೈಸನ್ನೆ.

ಒಂದು ಜಗಳ ಬಾಕಿ ಇದೆ. ತಾವರೆ ಎಲೆ ಮೇಲೆ ನಡೆಯೋ ಒಂದು ಹಕ್ಕಿ ಇತ್ತು. ಕಂದು ಬೆನ್ನು, ಬಿಳಿ ಹೊಟ್ಟೆ, ಎದೆ ಮೇಲೆ ಕಪ್ಪು ಪಟ್ಟಿ, ಕಾಲ್ಬೆರಳು ತುಂಬಾ ಉದ್ದ. ಅತ್ತೆ ದೇವನಕ್ಕಿ ಅಂತಾರೆ. ಯಜಮಾನರು ಗೂಗಲ್ ತೋರಿಸಿ ದೇವನಕ್ಕಿಗೆ ಇಷ್ಟುದ್ದ ಬಾಲ ಇರಬೇಕು, ಇದಕ್ಕೆ ಇಲ್ಲ ಅಂತಾರೆ. ಮೂರು ದಿನದಿಂದ ಇದೇ ನಡೀತಿದೆ.

ಮಿಂಚುಳ್ಳಿ
ಅತ್ತೆಯವರು ಗೆದ್ದರು. ಆ ಉದ್ದ ಬಾಲ ಮರಿ ಮಾಡೋ ಕಾಲದಲ್ಲಿ ಮಾತ್ರ. ಅದು ಮುಗಿದ ಮೇಲೆ ಉದುರಿಹೋಗುತ್ತದೆ, ಬಣ್ಣವೂ ಮಂಕಾಗುತ್ತದೆ. ನೀವು ಹೇಳಿದ ಎದೆಪಟ್ಟಿ ಅದೇ. ಇನ್ನೊಂದು ವಿಷಯ ಯಜಮಾನರಿಗೆ ಹೇಳಿ: ಆ ಹಕ್ಕಿಯಲ್ಲಿ ಹೆಣ್ಣು ಮೊಟ್ಟೆ ಇಟ್ಟು ಹೊರಟುಹೋಗುತ್ತದೆ, ಕಾವು ಕೂತು ಮರಿ ನೋಡಿಕೊಳ್ಳೋದು ಗಂಡು.

ಸಂಜೆಬಿಸಿಲು
ಓದಿ ಹೇಳಿದೆ. ಅತ್ತೆ ಇನ್ನೊಂದು ಸಲ ಓದು ಅಂದರು.

ಸಲಗ79
ಹದಿನೇಳಾ? ಫೋಟೋ ಹಾಕಿ ಮೇಡಂ.